ಹಿಡಿದದ್ದು ಬಿಡುವವರೆಗೆ

‘ಇದು ತಾನಾಗಿಯೇ ವಾಸಿಯಾಗುತ್ತದೆ, ಸ್ವಲ್ಪ ಕಾಲ ಬೇಕು ಅಷ್ಟೇ.’ ವೈದ್ಯರ ಬಾಯಿಂದ ಬರುವ ಮಾತುಗಳಲ್ಲಿ ಇದಕ್ಕಿಂತ ಒಳ್ಳೆಯ ಸುದ್ದಿ ಇನ್ನೊಂದಿರಲಾರದು ಎಂದು ನಮಗೆಲ್ಲ ಅನ್ನಿಸುತ್ತದೆ. ಜೀವಕ್ಕೆ ಅಪಾಯವಿಲ್ಲ, ಆಪರೇಷನ್ ಬೇಕಿಲ್ಲ, ಸಾಲ ಮಾಡುವಂಥದ್ದೂ ಏನಿಲ್ಲ. ಕಾದರೆ ಸಾಕು. ಆದರೆ ಕಳೆದ ಎರಡು ವರ್ಷಗಳಿಂದ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಓಡಾಡುತ್ತಿರುವ ನನಗೆ ಈ ಮಾತು ದಿನದಿಂದ ದಿನಕ್ಕೆ ಕಷ್ಟದ ಮಾತಾಗಿ ಕೇಳಿಸತೊಡಗಿದೆ. ಸ್ವಲ್ಪ ಕಾಲ ಎಂದರೆ ಎಷ್ಟು? ಆ ಕಾಲ ಯಾರ ಹತ್ತಿರ ಇದೆ? ಇಲ್ಲದವರಿಗೆ ಅದನ್ನು ಯಾರು ಕೊಡಬೇಕು?

ನಾನು ವೈದ್ಯಕೀಯದವಳಲ್ಲ. ನನ್ನ ಸಂಶೋಧನೆ ದುಡಿಮೆಯ ಮಾತುಗಳ ಬಗ್ಗೆ. ಕನ್ನಡ, ತೆಲುಗು ಎರಡೂ ಒಂದೇ ವಾಕ್ಯದಲ್ಲಿ ಕೂತಿರುವ ಈ ಗಡಿಯ ಊರುಗಳಲ್ಲಿ ಹೊಲದ ಕೆಲಸಕ್ಕೆ, ರೇಷ್ಮೆ ಮನೆಯ ಕೆಲಸಕ್ಕೆ, ಹಸು ಕರುವಿನ ಕೆಲಸಕ್ಕೆ ಹೆಂಗಸರು ಬಳಸುವ ಪದಗಳನ್ನು ಕೂಡಿಸುತ್ತಿದ್ದೇನೆ. ಕೆಲಸದ ಪದ ಕೇಳಲು ಹೋದರೆ ನೋವಿನ ಪದಗಳೂ ಜೊತೆಯಲ್ಲೇ ಬರುತ್ತವೆ. ಸೊಂಟ, ಮಂಡಿ, ಮೊಣಕೈ ಎಲ್ಲಕ್ಕೂ ಒಂದೊಂದು ಮಾತಿದೆ. ನಲವತ್ತೈದು ದಾಟಿದ ಹೆಂಗಸರ ನಡುವೆ ಮತ್ತೆಮತ್ತೆ ಕೇಳಿದ ಮಾತು ಮಾತ್ರ ಒಂದೇ: ‘ರೆಟ್ಟೆ ಹಿಡ್ಕೊಂಡ್ಬಿಟ್ಟಿದೆ.’ ಮನೆಮಾತು ತೆಲುಗು ಆದವರು ‘ಪಟ್ಟುಕುಂದಿ’ ಅನ್ನುತ್ತಾರೆ. ಆಸ್ಪತ್ರೆಯ ಚೀಟಿಯಲ್ಲಿ ಅದರ ಹೆಸರು ಫ್ರೋಜನ್ ಶೋಲ್ಡರ್.

ಹೆಸರಿನಿಂದಲೇ ಶುರು ಮಾಡುತ್ತೇನೆ. ನಮ್ಮ ಪತ್ರಿಕೆಗಳ ಆರೋಗ್ಯ ಪುಟಗಳಲ್ಲಿ ಇದನ್ನು ‘ಹೆಪ್ಪುಗಟ್ಟಿದ ಭುಜ’ ಎಂದು ಬರೆಯುವುದುಂಟು. ಇಂಗ್ಲಿಷಿನ ಹೆಸರನ್ನು ಕೊಟ್ಟವರು ಅಮೆರಿಕದ ಬೋಸ್ಟನ್ನಿನ ವೈದ್ಯ ಅರ್ನೆಸ್ಟ್ ಕಾಡ್ಮನ್, 1934ರಲ್ಲಿ. ಬೋಸ್ಟನ್ನಿನಲ್ಲಿ ಚಳಿಗಾಲಕ್ಕೆ ನೀರು ಗಟ್ಟಿಯಾಗುತ್ತದೆ, ವಸಂತ ಬಂದರೆ ಕರಗುತ್ತದೆ. ಅಲ್ಲಿಯವರಿಗೆ ಆ ಹೆಸರಿನೊಳಗೇ ಒಂದು ಭರವಸೆ ಇದೆ. ನಮಗೆ ಹೆಪ್ಪು ಎಂದರೆ ಮೊಸರು. ಒಮ್ಮೆ ಹೆಪ್ಪಾದ ಹಾಲು ಮತ್ತೆ ಹಾಲಾಗುವುದಿಲ್ಲ. ಅನುವಾದದಲ್ಲಿ ಕಾಯಿಲೆ ಬಂತು, ವಾಸಿಯಾಗುವುದು ಮಾತ್ರ ಹಿಂದೆ ಉಳಿಯಿತು. ಇವರ ‘ಹಿಡಿದುಕೊಂಡಿದೆ’ ಹಾಗಲ್ಲ. ಮಳೆ ಹಿಡಿದುಕೊಂಡಿದೆ ಅನ್ನುತ್ತೇವೆ, ಜ್ವರ ಹಿಡಿದಿದೆ ಅನ್ನುತ್ತೇವೆ. ಮಳೆಯೂ ಬಿಡುತ್ತದೆ, ಜ್ವರವೂ ಬಿಡುತ್ತದೆ. ಹಿಡಿಯುವುದು ಎಂಬ ಪದದ ಬೆನ್ನಿಗೇ ಬಿಡುವುದೂ ಇದೆ. ಯಾವಾಗ ಬಿಡುತ್ತದೆ ಎಂಬುದನ್ನು ಮಾತ್ರ ಅದು ಹೇಳುವುದಿಲ್ಲ. ಇನ್ನೊಂದು ವಿಷಯ: ಈ ವಾಕ್ಯದಲ್ಲಿ ಹಿಡಿದವರು ಯಾರು ಎಂಬುದಿಲ್ಲ. ಯಾರ ತಪ್ಪೂ ಇಲ್ಲದೆ ಆದದ್ದನ್ನು ಹೇಳುವುದಕ್ಕೆ ಅದಕ್ಕಿಂತ ಸರಿಯಾದ ವ್ಯಾಕರಣ ಸಿಗಲಾರದು.

ತಪ್ಪಿಲ್ಲ ಎಂಬುದು ಬರೀ ವ್ಯಾಕರಣದ ಮಾತಲ್ಲ. ಭುಜದ ಕೀಲನ್ನು ಸುತ್ತುವರಿದು ಒಂದು ತೆಳುವಾದ ಚೀಲವಿದೆ. ಕೈ ಎಲ್ಲ ದಿಕ್ಕಿಗೂ ತಿರುಗಬೇಕಲ್ಲ, ಅದಕ್ಕಾಗಿ ಆ ಚೀಲ ಸಡಿಲವಾಗಿ, ಮಡಿಕೆಮಡಿಕೆಯಾಗಿ ಇರುತ್ತದೆ. ಈ ಕಾಯಿಲೆಯಲ್ಲಿ ಅದಕ್ಕೆ ಮೊದಲು ಉರಿಯೂತ ಬರುತ್ತದೆ, ಆಮೇಲೆ ಅದು ದಪ್ಪಗಾಗಿ ಕುಗ್ಗುತ್ತದೆ. ಮೊದಲ ಸಲ ಒಗೆದಾಗ ಚಿಕ್ಕದಾಗಿಬಿಟ್ಟ ರವಿಕೆಯ ತೋಳಿನಂತೆ. ಯಾಕೆ ಹೀಗಾಗುತ್ತದೆ ಎಂಬುದು ಬಹಳಷ್ಟು ಮಂದಿಯಲ್ಲಿ ತಿಳಿಯುವುದೇ ಇಲ್ಲ. ನೂರರಲ್ಲಿ ಎರಡರಿಂದ ಐದು ಜನರಿಗೆ ಜೀವಮಾನದಲ್ಲಿ ಒಮ್ಮೆ ಬರಬಹುದು ಎಂಬುದು ಸಾಮಾನ್ಯ ಲೆಕ್ಕ. ಬರುವ ವಯಸ್ಸು ಹೆಚ್ಚಾಗಿ 40ರಿಂದ 60. ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಜಪಾನ್, ಚೀನಾಗಳಲ್ಲಿ ಇದಕ್ಕೆ ‘ಐವತ್ತರ ಭುಜ’ ಎಂದೇ ಹೆಸರು. ಸಕ್ಕರೆ ಕಾಯಿಲೆ ಇರುವವರಿಗೆ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು ಬರುತ್ತದೆ, ಥೈರಾಯ್ಡ್ ತೊಂದರೆ ಇದ್ದವರಿಗೂ ಹಾಗೆಯೇ. ಕೈಗೆ ಪೆಟ್ಟಾಗಿಯೋ, ಪಾರ್ಶ್ವವಾಯು ಹೊಡೆದೋ, ಎದೆಯ ಆಪರೇಷನ್ ಆಗಿಯೋ ತಿಂಗಳುಗಟ್ಟಲೆ ಕೈ ಅಲುಗಾಡಿಸದೆ ಇದ್ದವರಿಗೂ ಬರಬಹುದು. ನಮ್ಮಲ್ಲಿ ಇದು ಹೊಸದಾಗಿ ಬಂದದ್ದೂ ಅಲ್ಲ. ಸುಶ್ರುತ ಸಂಹಿತೆ ಅವಬಾಹುಕ ಎಂಬ ಹೆಸರಲ್ಲಿ, ಭುಜದಲ್ಲಿ ನಿಂತ ವಾಯು ಅಲ್ಲಿಯ ಕಟ್ಟುಗಳನ್ನು ಒಣಗಿಸಿ ಕೈಯನ್ನು ಹಿಡಿಯುವ ಒಂದು ಸ್ಥಿತಿಯನ್ನು ವಿವರಿಸುತ್ತದೆ. ‘ವಾಯು ಹಿಡ್ದೈತೆ’ ಅನ್ನುವ ಅಜ್ಜಿಗೆ ಆ ಗ್ರಂಥ ಗೊತ್ತಿಲ್ಲ, ಮಾತು ಗೊತ್ತಿದೆ.

ಇಷ್ಟು ತಿಳಿದ ಮೇಲೂ ಊರಿನಲ್ಲಿ ತೀರ್ಪು ಬೇರೆಯೇ ಇರುತ್ತದೆ. ‘ದುಡಿಯೋರಿಗೆ ಇದೆಲ್ಲಾ ಬರಲ್ಲ’ ಅನ್ನುವವರಿದ್ದಾರೆ; ‘ಜಾಸ್ತಿ ದುಡಿದು ದುಡಿದು ಬಂತು’ ಅನ್ನುವವರೂ ಇದ್ದಾರೆ. ಎರಡೂ ಮಾತಿನ ಹಿಂದೆ ಒಂದೇ ನಂಬಿಕೆ ಇದೆ: ದೇಹಕ್ಕೆ ಏನು ಬಂದರೂ ಅದನ್ನು ಆ ದೇಹದವರು ಗಳಿಸಿಕೊಂಡಿರಬೇಕು. ಕಾರಣ ಗೊತ್ತಿಲ್ಲದ ಕಾಯಿಲೆಯನ್ನು ಕಂಡರೆ ನಮಗೆ ತಳಮಳ. ಆ ತಳಮಳ ತೀರಿಸಿಕೊಳ್ಳಲು ಒಬ್ಬರ ಮೇಲೆ ತಪ್ಪು ಹೊರಿಸಿಬಿಡುತ್ತೇವೆ.

ಈ ಕಾಯಿಲೆಗೆ ಇನ್ನೊಂದು ತೊಡಕಿದೆ, ಅದು ಕಣ್ಣಿಗೆ ಕಾಣುವುದಿಲ್ಲ. ಊತವಿಲ್ಲ, ಗಾಯವಿಲ್ಲ, ಪಟ್ಟಿ ಕಟ್ಟಿಲ್ಲ. ಎಕ್ಸ್‌ರೇ ತೆಗೆಸಿದರೆ ಸಾಮಾನ್ಯವಾಗಿ ಮೂಳೆ ಸರಿಯಾಗಿಯೇ ಇರುತ್ತದೆ. ಶ್ರೀನಿವಾಸಪುರದ ಕಡೆಯ ಒಂದು ಮನೆಯಲ್ಲಿ ಸೊಸೆಯೊಬ್ಬರು ಹೇಳಿದ್ದು: ‘ಫಿಲಮ್ಮು ನೋಡಿ ಏನೂ ಇಲ್ಲ ಅಂದ್ರಮ್ಮ. ಅವತ್ತಿಂದ ನಮ್ಮತ್ತೆ ಮಾತೇ ಬೇರೆ.’ ರೊಟ್ಟಿ ತಟ್ಟಲು ಬರುತ್ತದೆ, ಹಾಲು ಕರೆಯಲು ಹೇಗೋ ಬರುತ್ತದೆ, ಮುಂದಕ್ಕೆ ಚಾಚುವ ಕೆಲಸ ಒಂದಿಷ್ಟು ನಡೆಯುತ್ತದೆ. ಬೆನ್ನ ಹಿಂದೆ ಕೈ ಹೋಗುವುದಿಲ್ಲ. ಜಡೆ ಹೆಣೆಯಲಾಗುವುದಿಲ್ಲ, ಸೀರೆಯ ಸೆರಗನ್ನು ಹಿಂದಿನಿಂದ ಎಳೆದುಕೊಳ್ಳಲಾಗುವುದಿಲ್ಲ, ಅಟ್ಟದ ಮೇಲಿನ ಡಬ್ಬ ಇಳಿಸಲಾಗುವುದಿಲ್ಲ, ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯಲಾಗುವುದಿಲ್ಲ. ಆಗದ ಕೆಲಸಗಳೆಲ್ಲ ಒಬ್ಬರೇ ಇರುವಾಗ ಮಾಡಿಕೊಳ್ಳುವಂಥವು, ಆಗುವ ಕೆಲಸಗಳು ಎಲ್ಲರ ಎದುರಿಗೆ ನಡೆಯುವಂಥವು. ನೋವು ಹೆಚ್ಚುವುದು ರಾತ್ರಿ, ಎಲ್ಲರೂ ಮಲಗಿದ ಮೇಲೆ. ನೋಡುವವರಿಗೆ ಕಾಣುವುದು ಅರ್ಧ ದಿನ ಮಾತ್ರ.

ಇನ್ನೊಬ್ಬರ ನೋವು ನಮಗೆ ತಿಳಿಯುವುದು ಹೇಗೆ ಎಂಬುದು ತತ್ವಶಾಸ್ತ್ರದಲ್ಲಿ ಹಳೆಯ ಪ್ರಶ್ನೆ. ವಿಟ್‌ಗೆನ್‌ಸ್ಟೈನ್ ಅಂಥವರು ಅದನ್ನು ಹಿಡಿದು ಬಹಳ ಬರೆದಿದ್ದಾರೆ. ತರಗತಿಯಲ್ಲಿ ಅದು ಅರಿವಿನ ಪ್ರಶ್ನೆ. ಮನೆಯಲ್ಲಿ ಅದು ಅರಿವಿನ ಪ್ರಶ್ನೆ ಅಲ್ಲವೇ ಅಲ್ಲ. ಸೊಸೆಯ ನೋವನ್ನು ನಂಬಿದರೆ ಅವಳ ಕೆಲಸವನ್ನು ಯಾರಾದರೂ ಮಾಡಬೇಕು. ಅನುಮಾನಪಟ್ಟರೆ ಯಾರೂ ಏನೂ ಮಾಡಬೇಕಿಲ್ಲ. ಅನುಮಾನ ಅಗ್ಗ, ನಂಬಿಕೆಗೆ ಖರ್ಚಿದೆ. ಹಾಗಾಗಿ ‘ನಿಜವಾಗಲೂ ಅಷ್ಟು ನೋವಿದೆಯಾ?’ ಎಂದು ಕೇಳುವವರು ತಮ್ಮ ಪ್ರಶ್ನೆಯಿಂದ ತಮಗೆ ಏನು ಉಳಿಯುತ್ತದೆ ಎಂಬುದನ್ನೂ ಒಮ್ಮೆ ಕೇಳಿಕೊಳ್ಳಬೇಕು.

ವಿಚಿತ್ರವೆಂದರೆ, ಕಾಣದ ನೋವುಗಳಲ್ಲಿ ಇದು ಸಾಕ್ಷಿ ಕೊಡಬಲ್ಲ ಅಪರೂಪದ ನೋವು. ಭುಜದ ಸ್ನಾಯುವಿನ ಹುರಿ ಹರಿದಿದ್ದರೆ ರೋಗಿಗೆ ತಾನಾಗಿ ಕೈ ಎತ್ತಲಾಗುವುದಿಲ್ಲ, ಬೇರೆಯವರು ಎತ್ತಿದರೆ ಸಾಮಾನ್ಯವಾಗಿ ಮೇಲೇಳುತ್ತದೆ. ಇಲ್ಲಿ ಹಾಗಲ್ಲ. ತಾನು ಎತ್ತಿದರೂ ಬರುವುದಿಲ್ಲ, ವೈದ್ಯರು ಎತ್ತಿದರೂ ಬರುವುದಿಲ್ಲ. ಮೊಣಕೈಯನ್ನು ಪಕ್ಕೆಗೆ ಒತ್ತಿಹಿಡಿದು ಮುಂಗೈಯನ್ನು ಹೊರಕ್ಕೆ ತಿರುಗಿಸಿದರೆ ಒಂದು ಹಂತಕ್ಕೆ ಬಾಗಿಲಿಗೆ ಅಗುಳಿ ಹಾಕಿದ ಹಾಗೆ ನಿಂತುಬಿಡುತ್ತದೆ. ಯಂತ್ರ ಬೇಕಿಲ್ಲ, ಫಿಲಮ್ಮು ಬೇಕಿಲ್ಲ. ಇನ್ನೊಬ್ಬರ ಒಂದು ಕೈ ಸಾಕು. ಹಾಗಂತ ಅತ್ತೆಯೋ ಗಂಡನೋ ಸೊಸೆಯ ಕೈ ಎಳೆದು ಪರೀಕ್ಷೆ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಸಾಕ್ಷಿ ಸಿಕ್ಕಮೇಲೆ ನಂಬುವುದು ದೊಡ್ಡ ಗುಣವೇನಲ್ಲ. ಸಾಕ್ಷಿ ಕೊಡಲಾರದ ನೋವುಗಳೇ ಹೆಚ್ಚು. ಇಷ್ಟು ಸುಲಭದ ಸಾಕ್ಷಿಯನ್ನೂ ಕೇಳದೆ ‘ಏನೂ ಇಲ್ಲ’ ಎಂಬ ಒಂದು ಮಾತಿಗೆ ಜೋತುಬೀಳುತ್ತೇವಲ್ಲ, ನಮಗೆ ಗೊತ್ತಾಗಲಿಲ್ಲ ಅನ್ನುವುದಕ್ಕಿಂತ ಗೊತ್ತಾಗುವುದು ಬೇಕಿರಲಿಲ್ಲ ಅನ್ನುವುದೇ ನಿಜ ಎಂದು ಇದರಿಂದ ತಿಳಿಯುತ್ತದೆ.

ಇನ್ನು ಕಾಲದ ಲೆಕ್ಕ. ಈ ಕಾಯಿಲೆಯನ್ನು ಮೂರು ಹಂತವಾಗಿ ನೋಡುವುದು ರೂಢಿ. ಮೊದಲನೆಯದು ನೋವಿನ ಕಾಲ, ಕೆಲವು ತಿಂಗಳು. ಆಗ ಕೈ ಸ್ವಲ್ಪಸ್ವಲ್ಪವೇ ಬಿಗಿಯುತ್ತ ಹೋಗುತ್ತದೆ. ಎರಡನೆಯದು ಬಿಗಿಯ ಕಾಲ, ನಾಲ್ಕರಿಂದ ಹನ್ನೆರಡು ತಿಂಗಳು. ನೋವು ಇಳಿದಿರುತ್ತದೆ, ಕೈ ಮಾತ್ರ ಕದಲುವುದಿಲ್ಲ. ಮೂರನೆಯದು ಬಿಡುವ ಕಾಲ, ಐದು ತಿಂಗಳಿಂದ ಎರಡು ವರ್ಷದವರೆಗೆ. ಒಟ್ಟು ಸೇರಿದರೆ ಒಂದರಿಂದ ಮೂರು ವರ್ಷ. ‘ಸ್ವಲ್ಪ ಕಾಲ’ ಎಂದರೆ ಇಷ್ಟು. ಪೂರ್ತಿ ಬಿಟ್ಟೇಬಿಡುತ್ತದೆ ಎಂಬ ಹಳೆಯ ನಂಬಿಕೆಯೂ ಅಷ್ಟು ಗಟ್ಟಿಯಲ್ಲ. ವರ್ಷಗಟ್ಟಲೆ ಹಿಂದೆಬಿದ್ದು ನೋಡಿದ ಅಧ್ಯಯನಗಳಲ್ಲಿ ಗಣನೀಯ ಸಂಖ್ಯೆಯ ಜನರಿಗೆ ಒಂದಿಷ್ಟು ನೋವೋ ಬಿಗಿತವೋ ಉಳಿದದ್ದು ಕಂಡಿದೆ. ಹೆಚ್ಚಿನವರಿಗೆ ಅದು ದಿನದ ಕೆಲಸಕ್ಕೆ ಅಡ್ಡ ಬರುವಷ್ಟಿಲ್ಲ ಎಂಬುದೂ ನಿಜ.

ಚಿಕಿತ್ಸೆ ಇಲ್ಲವೆಂದಲ್ಲ. ಮೊದಲ ಹಂತದಲ್ಲಿ ನೋವು ಕಡಿಮೆ ಮಾಡುವುದೇ ಮುಖ್ಯ: ಮಾತ್ರೆ, ಬಿಸಿ ಶಾಖ, ಬೇಕಾದರೆ ಕೀಲಿನೊಳಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್. ಇಂಜೆಕ್ಷನ್ನಿನಿಂದ ಕೆಲವು ವಾರಗಳ ಮಟ್ಟಿಗೆ ಒಳ್ಳೆಯ ಆರಾಮ ಸಿಗುತ್ತದೆ. ಸಕ್ಕರೆ ಕಾಯಿಲೆಯವರಿಗೆ ಕೆಲವು ದಿನ ಸಕ್ಕರೆ ಏರುವುದರಿಂದ ನಿಗಾ ಬೇಕು. ಜೊತೆಗೆ ಮನೆಯಲ್ಲೇ ಮಾಡುವ ವ್ಯಾಯಾಮ. ಮೇಜಿಗೆ ಒಂದು ಕೈ ಊರಿ ಬಗ್ಗಿ, ನೋಯುವ ಕೈಯನ್ನು ಬಾವಿಯ ಹಗ್ಗದ ಹಾಗೆ ಸಡಿಲವಾಗಿ ಇಳಿಬಿಟ್ಟು ತೂಗುವುದು. ಗೋಡೆಯ ಮೇಲೆ ಬೆರಳುಗಳನ್ನು ಇರುವೆಯಂತೆ ನಡೆಸುತ್ತಾ ಮೇಲೇರಿಸುವುದು. ಟವೆಲ್ಲನ್ನು ಬೆನ್ನ ಹಿಂದೆ ಹಿಡಿದು ಒಳ್ಳೆಯ ಕೈಯಿಂದ ಮೆಲ್ಲಗೆ ಮೇಲಕ್ಕೆಳೆಯುವುದು. ನೋವಿನ ಹಂತದಲ್ಲಿ ಬಲವಂತ ಮಾಡಬಾರದು, ಬಿಗಿಯ ಹಂತದಲ್ಲಿ ಬಿಡಬಾರದು. ತಿಂಗಳುಗಟ್ಟಲೆ ಬಗ್ಗದಿದ್ದರೆ ಅರಿವಳಿಕೆ ಕೊಟ್ಟು ಕೈಯನ್ನು ಸಡಿಲಿಸುವ ವಿಧಾನ, ಕೀಲುದರ್ಶಕದ ಮೂಲಕ ಬಿಗಿದ ಚೀಲವನ್ನು ಬಿಡಿಸುವ ಆಪರೇಷನ್ ಕೂಡ ಇವೆ. ಇನ್ನೊಂದು ಮಾತನ್ನು ನಮ್ಮ ಜಿಲ್ಲೆಯವರು ನೆನಪಿಡಬೇಕು: ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇರುವ ಕೋಲಾರದಂಥ ಕಡೆ ಕೀಲು ಬಿಗಿದರೆಲ್ಲ ಅದು ಇದೇ ಕಾಯಿಲೆ ಆಗಬೇಕಿಲ್ಲ. ಕತ್ತು, ಬೆನ್ನು, ಎರಡೂ ಭುಜ ಒಟ್ಟೊಟ್ಟಿಗೆ ಬಿಗಿಯುತ್ತಿದ್ದರೆ ಬೇರೆ ರೀತಿ ನೋಡಬೇಕಾಗುತ್ತದೆ. ಎಡಭುಜದ ನೋವಿನ ಜೊತೆ ಎದೆ ಬಿಗಿತ, ಬೆವರು ಇದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಭುಜ ಹಿಡಿದವರು ಒಮ್ಮೆ ಸಕ್ಕರೆ ಪರೀಕ್ಷೆ ಮಾಡಿಸುವುದೂ ಒಳ್ಳೆಯದು; ತಮಗೆ ಸಕ್ಕರೆ ಕಾಯಿಲೆ ಇದೆ ಎಂದು ಕೆಲವರಿಗೆ ಗೊತ್ತಾಗುವುದೇ ಭುಜದಿಂದ.

ಚಿಕಿತ್ಸೆಯ ಬಗ್ಗೆ ಓದುವಾಗ ನನ್ನನ್ನು ತಡೆದು ನಿಲ್ಲಿಸಿದ ಎರಡು ಅಧ್ಯಯನಗಳಿವೆ. ಒಂದು 2004ರಲ್ಲಿ ನೆದರ್ಲೆಂಡ್ಸಿನಿಂದ ಬಂದದ್ದು. 77 ರೋಗಿಗಳ ಸಣ್ಣ ಅಧ್ಯಯನ. ಒಂದು ಗುಂಪಿಗೆ ನೋವಿನ ಮಿತಿ ದಾಟಿ ಎಳೆಯುವ ಕಟ್ಟುನಿಟ್ಟಿನ ಫಿಸಿಯೋಥೆರಪಿ. ಇನ್ನೊಂದು ಗುಂಪಿಗೆ ಕಾಯಿಲೆ ಏನೆಂದು ತಿಳಿಸಿ ಹೇಳಿ, ನೋವಾಗದಷ್ಟು ಕೈಯಾಡಿಸಲು ಕಲಿಸಿ, ಆಗುವಷ್ಟು ಕೆಲಸ ಮಾಡಿಕೊಂಡಿರಿ ಎಂದು ಬಿಟ್ಟರು, ಆಗಾಗ ನೋಡುತ್ತಿದ್ದರು. ಎರಡು ವರ್ಷದ ಕೊನೆಗೆ ಎಳೆದವರ ಗುಂಪಿನಲ್ಲಿ ನೂರಕ್ಕೆ 63 ಮಂದಿಯ ಭುಜ ಸಹಜಕ್ಕೆ ಹತ್ತಿರ ಬಂದಿತ್ತು, ಬಿಟ್ಟವರ ಗುಂಪಿನಲ್ಲಿ 89 ಮಂದಿಯದು. ಈ ಎರಡನೆಯ ವಿಧಾನಕ್ಕೆ ಅವರು ಕೊಟ್ಟ ಹೆಸರನ್ನು ಕನ್ನಡದಲ್ಲಿ ‘ನಿಗಾ ಇಟ್ಟ ನಿರ್ಲಕ್ಷ್ಯ’ ಎನ್ನಬಹುದು. ನಿರ್ಲಕ್ಷ್ಯಕ್ಕೆ ನಿಗಾ ಎಂಬ ವಿಶೇಷಣ! ಅರ್ಥವಿಲ್ಲದ ಜೋಡಿ ಎಂದು ಮೊದಲು ಅನ್ನಿಸಿತು. ಆದರೆ ಶ್ರೀನಿವಾಸಪುರದ ರೇಷ್ಮೆ ಮನೆಗಳಲ್ಲಿ ಈ ಜೋಡಿ ಬಹಳ ಹಳೆಯದು.

ರೇಷ್ಮೆ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಅದನ್ನು ಇಲ್ಲಿ ಜ್ವರ ಅನ್ನುತ್ತಾರೆ. ಜ್ವರಕ್ಕೆ ಕೂತ ಹುಳು ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತಿ ಕಲ್ಲಿನಂತೆ ಕೂತಿರುತ್ತದೆ. ಹೊಸಬರಿಗೆ ಗಾಬರಿಯಾಗುತ್ತದೆ, ಮುಟ್ಟೋಣ, ಸೊಪ್ಪು ಹಾಕೋಣ ಅನ್ನಿಸುತ್ತದೆ. ತಿಳಿದವರು ಮುಟ್ಟುವುದಿಲ್ಲ. ಹಾಗಂತ ಬಾಗಿಲು ಹಾಕಿಕೊಂಡು ಹೋಗಿಬಿಡುವುದೂ ಇಲ್ಲ. ಹಾಸಿಗೆ ಒಣಗಿರಲೆಂದು ಸುಣ್ಣದ ಪುಡಿ ಉದುರಿಸುತ್ತಾರೆ, ಗಾಳಿ ಆಡುವಂತೆ ನೋಡಿಕೊಳ್ಳುತ್ತಾರೆ, ರಾತ್ರಿ ಎದ್ದು ಬ್ಯಾಟರಿ ಹಿಡಿದು ನೋಡುತ್ತಾರೆ. ಹೆಚ್ಚುಕಡಿಮೆ ಎಲ್ಲವೂ ಜ್ವರದಿಂದ ಎದ್ದ ಮೇಲೆಯೇ ಮೊದಲ ಸೊಪ್ಪು. ಹುಳು ಸಾಕುವ ಒಬ್ಬ ದೊಡ್ಡಮ್ಮ ಹೇಳಿದರು: ‘ಜ್ವರದಾಗೆ ನಮ್ಗೆ ಕೆಲ್ಸ ಕಮ್ಮಿ ಅಂತಾರೆ. ಕೆಲ್ಸ ಕಮ್ಮಿನೇ, ನಿದ್ದೆನೂ ಕಮ್ಮಿ ಕಣಮ್ಮ.’

ಕಾಯುವುದರಲ್ಲಿ ಎರಡು ಬಗೆ ಇದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ. ಕೈಬಿಟ್ಟು ಕಾಯುವುದು ಒಂದು, ಜೊತೆಗಿದ್ದು ಕಾಯುವುದು ಇನ್ನೊಂದು. ಹೊರಗಿನಿಂದ ನೋಡಿದರೆ ಎರಡರಲ್ಲೂ ಏನೂ ಮಾಡದಂತೆಯೇ ಕಾಣುತ್ತದೆ. ನೆದರ್ಲೆಂಡ್ಸಿನ ರೋಗಿಗಳಿಗೆ ವಾಸಿಯಾಗಿದ್ದು ನಿರ್ಲಕ್ಷ್ಯದಿಂದ ಅಲ್ಲ. ಏನಾಗುತ್ತಿದೆ ಎಂಬುದು ಅವರಿಗೆ ಗೊತ್ತಿತ್ತು, ಹೆದರಿಕೆಯಾದರೆ ಕೇಳಲು ಒಬ್ಬರಿದ್ದರು, ಆಗುವಷ್ಟೇ ಕೆಲಸ ಮಾಡಿ ಎಂಬ ಮಾತಿಗೆ ಅವರ ಬದುಕಿನಲ್ಲಿ ಅರ್ಥವಿತ್ತು. ಮುಳಬಾಗಿಲಿನ ಕಡೆ ಟೊಮೆಟೊ ತೋಟದಲ್ಲಿ ಕಡ್ಡಿ ಕಟ್ಟುವ, ಹಣ್ಣು ಬಿಡಿಸುವ ಕೂಲಿಯ ಹೆಂಗಸಿಗೆ ಅದೇ ಮಾತು ಹೇಳಿದರೆ ಏನಾಗುತ್ತದೆ? ಕೋಲಾರದ ಮಾರುಕಟ್ಟೆಗೆ ಹೋಗುವ ಒಂದು ಬಾಕ್ಸಿನಲ್ಲಿ 15 ಕೆಜಿ ಹಣ್ಣು. ಅದನ್ನು ಎತ್ತಿ ತಲೆಗೋ ಹೆಗಲಿಗೋ ಇಡಲಾಗದವರನ್ನು ಮರುದಿನ ಕರೆಯುವುದಿಲ್ಲ. ‘ಆಗುವಷ್ಟು’ ಎಂಬ ಪ್ರಮಾಣದಲ್ಲಿ ಅಲ್ಲಿ ಕೂಲಿ ಸಿಗುವುದಿಲ್ಲ. ಪೂರ್ತಿ ಕೂಲಿ ಅಥವಾ ಮನೆ.

ಕೋಲಾರ ಪೇಟೆಯಲ್ಲಿ ನಾನು ಬಲ್ಲ ನಿವೃತ್ತ ಮೇಡಂ ಒಬ್ಬರಿಗೂ ಭುಜ ಹಿಡಿದಿತ್ತು. ಸಕ್ಕರೆ ಕಾಯಿಲೆ ಹಳೆಯದು. ಇಪ್ಪತ್ತು ತಿಂಗಳು ತೆಗೆದುಕೊಂಡಿತು. ಪಿಂಚಣಿ ತಿಂಗಳಿಗೆ ತಿಂಗಳು ಬಂತು, ಫಿಸಿಯೋಥೆರಪಿಸ್ಟ್ ಹತ್ತಿರದಲ್ಲಿದ್ದರು, ಬಟ್ಟೆಗೆ ಮೆಷಿನ್ ಇತ್ತು. ಅವರೂ ರಾತ್ರಿಗಳನ್ನು ಅಳುತ್ತಾ ಕಳೆದರು, ಆ ನೋವನ್ನು ನಾನು ಕಡಿಮೆ ಎನ್ನಲಾರೆ. ಮುಳಬಾಗಿಲಿನ ಆ ಹೆಂಗಸಿಗೂ ಇವರಿಗೂ ಕುಗ್ಗಿದ್ದು ಒಂದೇ ಚೀಲ, ಬರೆದದ್ದು ಒಂದೇ ಹೆಸರು, ಕೇಳಿದ್ದು ಒಂದೇ ಮಾತು. ಒಬ್ಬರಿಗೆ ಆ ಮಾತು ಸಮಾಧಾನ, ಇನ್ನೊಬ್ಬರಿಗೆ ಬಿಲ್ಲು. ಕಾಲವೇ ಮದ್ದು ಎಂದಾಗ ನಾವು ಬಿಟ್ಟಿ ಮದ್ದು ಕೊಟ್ಟೆವು ಅಂದುಕೊಳ್ಳುತ್ತೇವೆ. ಮೂರು ವರ್ಷದ ಬಿಡುವಿಗಿಂತ ದುಬಾರಿ ಮದ್ದು ಕೂಲಿಯವರ ಪಾಲಿಗೆ ಯಾವುದಿದೆ?

ಎರಡನೆಯ ಅಧ್ಯಯನ ಬ್ರಿಟನ್ನಿನದು, 2020ರಲ್ಲಿ ಪ್ರಕಟವಾದದ್ದು, 503 ರೋಗಿಗಳನ್ನು ಒಳಗೊಂಡದ್ದು. ಇಂಜೆಕ್ಷನ್ ಜೊತೆಗೆ ಕ್ರಮಬದ್ಧ ಫಿಸಿಯೋಥೆರಪಿ, ಅರಿವಳಿಕೆಯಲ್ಲಿ ಸಡಿಲಿಸುವುದು, ಕೀಲುದರ್ಶಕದ ಆಪರೇಷನ್ ಈ ಮೂರನ್ನು ಹೋಲಿಸಿದರು. ಒಂದು ವರ್ಷದ ಕೊನೆಗೆ ಯಾವುದೂ ಇನ್ನೊಂದಕ್ಕಿಂತ ಹೇಳಿಕೊಳ್ಳುವಷ್ಟು ಮೇಲಲ್ಲ ಎಂಬುದು ಫಲಿತಾಂಶ. ವೈದ್ಯಕೀಯ ದೃಷ್ಟಿಯಿಂದ ಇದು ಬಹಳ ಉಪಯೋಗದ ತಿಳಿವಳಿಕೆ. ಇಂಜೆಕ್ಷನ್ ಬಗ್ಗೆಯೂ ಇಂಥದ್ದೇ ಮಾತು ಕೇಳುತ್ತೇವೆ: ಮೊದಲ ವಾರಗಳಲ್ಲಿ ಲಾಭ, ವರ್ಷದ ಕೊನೆಗೆ ವ್ಯತ್ಯಾಸ ಅಳಿಸಿಹೋಗುತ್ತದೆ. ಆದರೆ ಇಲ್ಲೊಂದು ನೈತಿಕ ಪ್ರಶ್ನೆ ಅಡಗಿದೆ. ಅಳತೆಗೋಲನ್ನು ಎಲ್ಲಿ ಇಟ್ಟು ಅಳೆಯುತ್ತೇವೆ? ಹನ್ನೆರಡನೆಯ ತಿಂಗಳಿನಲ್ಲಿ ನಿಂತು ನೋಡಿದರೆ ಎಲ್ಲರೂ ಒಂದೇ ಕಡೆ ಬಂದು ಸೇರಿದ್ದಾರೆ. ನಡೆದುಬಂದ ದಾರಿ ಒಂದೇ ಅಲ್ಲ. ಆರು ವಾರ ನಿದ್ದೆ ಮಾಡಿದವರಿಗೂ ಆರು ವಾರ ನಿದ್ದೆ ಇಲ್ಲದವರಿಗೂ ವರ್ಷದ ಕೊನೆಗೆ ಭುಜ ಒಂದೇ ಸಮ ಇರಬಹುದು. ಅಷ್ಟರಲ್ಲಿ ಒಬ್ಬರ ಕೆಲಸ ಉಳಿದಿದೆ, ಇನ್ನೊಬ್ಬರದು ಹೋಗಿದೆ. ಕೊನೆಯ ಫಲ ಒಂದೇ ಆದರೆ ನಡುವಿನ ಸಂಕಟಕ್ಕೆ ಲೆಕ್ಕವಿಲ್ಲ ಎಂಬ ಧೋರಣೆಯನ್ನು ನಾವು ಬೇರೆ ಯಾವುದರಲ್ಲೂ ಒಪ್ಪುವುದಿಲ್ಲ. ಬರ ಬಂದ ಮೇಲೆ ಮಳೆ ಬಂದೇ ಬರುತ್ತದೆ ಎಂದು ನೀರು ಕೊಡದೆ ಕೂರುವುದಿಲ್ಲ. ‘ತಾತ್ಕಾಲಿಕ ಆರಾಮ’ ಎಂಬುದನ್ನು ಕೀಳಾಗಿ ನೋಡುವುದು ತಾತ್ಕಾಲಿಕ ನೋವಿನಿಂದ ಹೆಚ್ಚೇನೂ ಕಳೆದುಕೊಳ್ಳದವರಿಗೆ ಸುಲಭ. ನಮ್ಮೆಲ್ಲರ ಆಯುಷ್ಯವೂ ತಾತ್ಕಾಲಿಕವೇ ತಾನೆ.

ವಿಶ್ರಾಂತಿಯ ಮಾತಿಗೆ ಬರೋಣ. ಮಾಲೂರು, ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಲ್ಲಿ ಇಎಸ್‌ಐ ಇರುವವರಿಗೆ ಕಾಯಿಲೆ ರಜೆಯ ಕಾಲಕ್ಕೆ ವರ್ಷದಲ್ಲಿ 91 ದಿನಗಳವರೆಗೆ ಸಂಬಳದ ಶೇ 70ರಷ್ಟು ಸಿಗುವ ವ್ಯವಸ್ಥೆ ಇದೆ. ಇದು ಸಣ್ಣದಲ್ಲ, ನಮ್ಮ ಹಿಂದಿನವರು ಹೋರಾಡಿ ಪಡೆದದ್ದು. ಆದರೂ ಬಿಗಿಯ ಹಂತವೊಂದೇ 91 ದಿನಕ್ಕಿಂತ ಉದ್ದವಿದೆ. ಹೊಲದ ಕೂಲಿಗೆ, ಮನೆಗೆಲಸಕ್ಕೆ, ಸ್ವಂತ ಹಸು ಸಾಕಿ ಡೇರಿಗೆ ಹಾಲು ಹಾಕುವವರಿಗೆ ಆ 91 ದಿನವೂ ಇಲ್ಲ. ಅವರಿಗೆ ವಿಶ್ರಾಂತಿ ಎಂದರೆ ತಮ್ಮ ಕೆಲಸ ಇನ್ನೊಬ್ಬರ ಮೇಲೆ ಬೀಳುವುದು. ಯಾರ ಮೇಲೆ?

ನಾನು ಕಂಡ ಮನೆಗಳಲ್ಲಿ ಈ ಪ್ರಶ್ನೆಗೆ ಉತ್ತರ ಬಹುತೇಕ ಒಂದೇ. ಮನೆಯ ಹೆಣ್ಣುಮಗಳ ಮೇಲೆ. ಮುಳಬಾಗಿಲಿನ ಆ ಮನೆಯಲ್ಲಿ ದೊಡ್ಡ ಮಗಳು ಪಿಯುಸಿ ಎರಡನೇ ವರ್ಷದಲ್ಲಿದ್ದಳು. ಅಮ್ಮನಿಗೆ ನೀರು ಹೊರಲಾಗುವುದಿಲ್ಲವೆಂದು ಬೆಳಗಿನ ಬಸ್ಸು ತಪ್ಪತೊಡಗಿತು. ಆಮೇಲೆ ಸುಗ್ಗಿಯ ದಿನಗಳಲ್ಲಿ ಅಮ್ಮನ ಬದಲು ಇವಳೇ ತೋಟಕ್ಕೆ ಹೋದಳು. ಕಾಲೇಜು ಬಿಡು ಎಂದು ಯಾರೂ ಹೇಳಲಿಲ್ಲ. ಇಂಥ ತೀರ್ಮಾನಗಳನ್ನು ಯಾರೂ ಬಾಯಿಬಿಟ್ಟು ಮಾಡುವುದೇ ಇಲ್ಲ. ಮನೆಯಲ್ಲಿ ಅಣ್ಣನೂ ಇದ್ದ, ಅವನ ಕೈ ಎರಡೂ ಚೆನ್ನಾಗಿದ್ದವು, ನೀರಿನ ಬಿಂದಿಗೆಯ ಕಡೆಗೆ ಅವು ಚಾಚುತ್ತವೆಂದು ಯಾರಿಗೂ ಹೊಳೆಯಲಿಲ್ಲ. ಅಮ್ಮ ಒಂದೇ ಮಾತು ಹೇಳಿದರು: ‘ನನ್ ರೆಟ್ಟೆ ಇವತ್ತಲ್ಲ ನಾಳೆ ಬಿಡ್ತದೆ. ಇವ್ಳ ವರ್ಷ ಹೋಯ್ತಲ್ಲಮ್ಮ, ಅದು ಬತ್ತದಾ?’

ನನ್ನ ಪ್ರಶ್ನೆ ಅಲ್ಲಿಂದ ಬದಲಾಯಿತು. ಅಲ್ಲಿಯವರೆಗೆ ನೋವಿರುವವರಿಗೆ ವಿಶ್ರಾಂತಿಯ ಹಕ್ಕಿದೆಯೇ ಎಂದು ಯೋಚಿಸುತ್ತಿದ್ದೆ. ಹಕ್ಕಿದೆ ಎಂದು ಹೇಳುವುದು ಸುಲಭ, ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಒಬ್ಬರ ವಿಶ್ರಾಂತಿ ಇನ್ನೊಬ್ಬರ ದುಡಿಮೆಯಿಂದಲೇ ಆಗುವುದಾದರೆ, ಆ ಇನ್ನೊಬ್ಬರು ಯಾರು ಎಂಬುದನ್ನು ಮಾತಾಡದೆ ಹಕ್ಕಿನ ಮಾತಾಡುವುದು ಅರ್ಧ ಮಾತು. ಭುಜದ ಬಿಗಿ ತಾನಾಗಿ ಸಡಿಲವಾಗಬಹುದು. ಅದರ ಭಾರ ತಾನಾಗಿ ಹಂಚಿಹೋಗುವುದಿಲ್ಲ. ತಾನಾಗಿ ಹೋಗಲು ಬಿಟ್ಟರೆ ನೀರಿನಂತೆ ತಗ್ಗಿನ ಕಡೆಗೇ ಹೋಗುತ್ತದೆ, ಬೇಡ ಎನ್ನಲಾರದವರ ಹೆಗಲಿಗೆ.

ಇದಕ್ಕೆ ಒಂದು ಆಕ್ಷೇಪ ಬರಬಹುದು. ವೈದ್ಯರು ಇಷ್ಟೆಲ್ಲವನ್ನೂ ಹೊರಬೇಕೆ? ಹೊರರೋಗಿಗಳ ಸಾಲು ಬಾಗಿಲಾಚೆಗೂ ಇರುವ ಕಡೆ ಒಬ್ಬೊಬ್ಬರ ಮನೆಯ ನೀರು, ಮಗಳ ಕಾಲೇಜು ಎಲ್ಲವನ್ನೂ ವಿಚಾರಿಸಲು ಯಾರಿಗೆ ಸಮಯವಿದೆ? ಆಕ್ಷೇಪ ನ್ಯಾಯವಾದದ್ದೇ. ಎಲ್ಲವನ್ನೂ ವೈದ್ಯರ ತಲೆಗೆ ಕಟ್ಟುವುದು ಕೂಡ ಭಾರವನ್ನು ಒಬ್ಬರ ಮೇಲೆ ಹೇರುವ ಇನ್ನೊಂದು ವಿಧಾನ. ನಾನು ಕೇಳುವುದು ಅದಲ್ಲ. ‘ತಾನಾಗಿಯೇ ವಾಸಿಯಾಗುತ್ತದೆ’ ಎಂಬ ಮಾತು ಮುಗಿದ ಮಾತಲ್ಲ, ಅದು ಅಲ್ಪವಿರಾಮದಲ್ಲಿ ನಿಲ್ಲುವ ಮಾತು ಎಂದಷ್ಟೇ ನಾನು ಹೇಳುವುದು. ವೈದ್ಯರು ಅದಕ್ಕೆ ಇನ್ನೆರಡು ವಾಕ್ಯ ಸೇರಿಸಬಹುದು: ಒಂದು ವರ್ಷವೋ ಎರಡು ವರ್ಷವೋ ಹಿಡಿಯಬಹುದು, ಫಿಲಮ್ಮಿನಲ್ಲಿ ಕಾಣದಿದ್ದರೂ ಕಾಯಿಲೆ ಇದೆ. ಚೀಟಿಯ ಮೇಲೆ ಕನ್ನಡದಲ್ಲಿ ಬರೆದ ಆ ಎರಡು ವಾಕ್ಯ ಅತ್ತೆಯ ಮನೆಯಲ್ಲಿ ಮಾತ್ರೆಗಿಂತ ಹೆಚ್ಚು ಕೆಲಸ ಮಾಡಬಲ್ಲದು. ಊರಿನ ಆಶಾ ಕಾರ್ಯಕರ್ತೆಗೆ ಬೆರಳು ನಡೆಸುವ ವ್ಯಾಯಾಮವನ್ನು ಯಾರಾದರೂ ಕಲಿಸಿಕೊಟ್ಟರೆ ತಿಂಗಳಿಗೊಮ್ಮೆ ಕೋಲಾರದ ಬಸ್ಸು ಹತ್ತುವುದು ತಪ್ಪುತ್ತದೆ. ತೋಟದವರು ಬಾಕ್ಸು ಎತ್ತಲಾಗದವರಿಗೆ ಹಣ್ಣು ಆರಿಸುವ ಕೆಲಸ ಕೊಡಬಹುದು, ಕೂಲಿ ಮುರಿಯದೆ. ಇವು ಯಾವುವೂ ಕ್ರಾಂತಿಯಲ್ಲ. ಜ್ವರಕ್ಕೆ ಕೂತ ಹುಳುವಿಗೆ ನಾವು ಮಾಡುವಷ್ಟೇ.

ಉಳಿದದ್ದು ಮನೆಯದು, ಅಂದರೆ ನಮ್ಮದು. ಮನೆಯಲ್ಲಿ ಯಾರಿಗಾದರೂ ಭುಜ ಹಿಡಿದರೆ ಮೊದಲ ವಾರವೇ ಎಲ್ಲರೂ ಕೂತು ಒಂದು ಲೆಕ್ಕ ಮಾಡಬೇಕು. ಈ ಕೈ ಏನೇನು ಮಾಡುತ್ತಿತ್ತು? ನೀರು, ಸೌದೆ, ಹಟ್ಟಿ, ಬಟ್ಟೆ, ಅಟ್ಟ, ಹಾಸಿಗೆ ಮಡಿಸುವುದು, ಮಕ್ಕಳ ತಲೆ ಬಾಚುವುದು. ಪಟ್ಟಿ ಮಾಡಿದಾಗಲೇ ಬಹಳ ಮನೆಗಳಿಗೆ ಆ ಕೈ ಎಷ್ಟು ದೂರ ಚಾಚುತ್ತಿತ್ತು ಎಂದು ಮೊದಲ ಸಲ ಗೊತ್ತಾಗುತ್ತದೆ. ಆಮೇಲೆ ಒಂದೊಂದರ ಮುಂದೆ ಒಂದೊಂದು ಹೆಸರು ಬರೆಯಬೇಕು. ಒಂದೇ ಹೆಸರು ಎಲ್ಲದರ ಮುಂದೆ ಬಂದರೆ ಪಟ್ಟಿ ಹರಿದು ಮತ್ತೆ ಬರೆಯಬೇಕು. ಭುಜ ಬಿಟ್ಟ ಮೇಲೆ ಆ ಪಟ್ಟಿಯನ್ನು ಎಸೆಯಬೇಕಾಗಿಯೂ ಇಲ್ಲ.